ಇಪ್ಪತ್ತೊಂಬತ್ತನೆಯದು

ತಾರ್ತುವಿನಲ್ಲಿ ಫೆಬ್ರವರಿ. ನದಿ ಹೆಪ್ಪುಗಟ್ಟಿದೆ.
ನೆಲಮಾಳಿಗೆಯ ಮೇಜಿನ ಮೇಲೆ ನಲವತ್ತು ಕಿರುಮೆದುಳು,
ಒಂದೊಂದೂ ಒಂದೊಂದು ಭರಣಿಯಲ್ಲಿ.
ಡಾಕ್ಟರ್ ತಂಬೆಟ್ ಹೇಳಿದರು:
'ಹೆಲ್ವೆ, ಇವನ್ನೆಲ್ಲ ನೋಡಿ ಒಂದು ಬರೆದುಕೊಡಿ,
ಪಠ್ಯಪುಸ್ತಕಕ್ಕೆ. ಎಲ್ಲರದೂ ಆಗುವಂಥ ಒಂದು.'

ಮೂವತ್ತು ವರ್ಷ ಕಪ್ಪೆಯ ಕಾಲು, ಕಿವಿಯೊಳಗಿನ ಶಂಖ,
ಜೇನುಹುಳದ ನಾಲಗೆ ಬರೆದ ಕೈ ಇದು.
ಪೆನ್ಸಿಲ್ ಹೆರೆದು ಕೂತೆ.

ಮೊದಲನೆಯದರ ನಡುವಿನ ಹುಳು ದಪ್ಪ.
(ಹುಳು ಎಂದೇ ಅದರ ಹೆಸರು, ಇಟ್ಟವರು ಯಾರೋ.)
ಎರಡನೆಯದರದು ಮಗ್ಗುಲುಗಳ ನಡುವೆ ಹೂತೇ ಹೋಗಿದೆ.
ಅಡ್ಡಸೀಳು ಒಂದರಲ್ಲಿ ಕೊನೆಯವರೆಗೂ ಆಳ,
ಇನ್ನೊಂದರಲ್ಲಿ ಅರ್ಧಕ್ಕೇ ನಿಂತಿದೆ
ಆಡಹೊರಟ ಮಾತನ್ನು ನುಂಗಿಕೊಂಡವರ ಹಾಗೆ.
ಏಳನೆಯದರ ಬಲಮಗ್ಗುಲು
ಎಡಕ್ಕಿಂತ ಒಂದು ಕಾಳಿನಷ್ಟು ಹೆಚ್ಚು.
ಮಡಿಕೆ ಎಣಿಸಿದೆ, ಲೆಕ್ಕ ತಪ್ಪಿತು.
ಮತ್ತೆ ಎಣಿಸಿದೆ, ಬೇರೆ ಲೆಕ್ಕ ಬಂತು.

ಸೀಳಿದರೆ ಒಳಗೆ ಬಿಳಿಯ ಮರ.
ಪುಸ್ತಕ ಅದನ್ನು ಜೀವವೃಕ್ಷ ಎನ್ನುತ್ತದೆ,
ದೊಡ್ಡ ಹೆಸರು. ನನಗೆ ಕಂಡದ್ದು
ಸಾರೆಮಾ ದಡದ ಜುನಿಪರ್ ಗಿಡಗಳು:
ಅದೇ ಸುಣ್ಣಕಲ್ಲು, ಅದೇ ಕಡಲಗಾಳಿ,
ಆದರೂ ಒಂದು ಬಾಗಿದ ಕಡೆಗೆ ಇನ್ನೊಂದು ಬಾಗಿಲ್ಲ.

ಇಪ್ಪತ್ತೊಂಬತ್ತನೆಯ ಭರಣಿ ತೆರೆದಾಗ
ಕೈ ತಾನೇ ನಿಂತಿತು.
ಎಡಮಗ್ಗುಲಿನ ಕೆಳಗಿನ ತುಂಡೇ ಇಲ್ಲ.
ಗಾಯವಲ್ಲ, ಕತ್ತಿಯ ಗುರುತಲ್ಲ.
ಅಂಚು ನುಣ್ಣಗಿದೆ, ಹುಟ್ಟುವಾಗಲೇ ಬಿಟ್ಟುಕೊಂಡ ಜಾಗ.
ದಫ್ತರದಲ್ಲಿ ಹೆಸರಿಲ್ಲ, ಇಷ್ಟೇ:
ಗಡಿಯಾರ ರಿಪೇರಿ. ಎಂಬತ್ತೊಂದು.

ಏಪ್ರಿಲ್. ದೇಹ ಕೊಟ್ಟವರನ್ನು ನೆನೆಯುವ ದಿನ.
ರಾದಿ ಸ್ಮಶಾನದಲ್ಲಿ ಒಬ್ಬ ಹೆಂಗಸು
ಟೋಪಿಯ ಹಿಮ ಕೊಡವುತ್ತ, ಯಾರೂ ಕೇಳದೆ, ಹೇಳಿದಳು:
'ನಮ್ಮಪ್ಪ ವೊರುವಿನಲ್ಲಿ ಗಡಿಯಾರ ಬಿಚ್ಚಿ ಕಟ್ಟುತ್ತಿದ್ದ.
ಎಡ ಮೊಣಕೈ ಮೇಜಿಗೆ ಊರದೆ ಚಿಮಟ ಹಿಡಿದವನಲ್ಲ.
ಕಾಫಿ ತಂದರೆ ಸಾಸರಿನಲ್ಲಿ ಯಾವಾಗಲೂ ಎರಡು ಹನಿ.
ಅಮ್ಮ ರೇಗುತ್ತಿದ್ದಳು, ಇದು ಮನೆ, ದೋಣಿಯಲ್ಲ ಅಂತ.
ಅಷ್ಟೇ. ಮತ್ತೇನೂ ಇಲ್ಲ.'

ನಾನು ಬಾಯಿ ಬಿಡಲಿಲ್ಲ.
ಬಿಡುವುದಿಲ್ಲವೆಂದು ಸಹಿ ಹಾಕಿದವಳು.
ಆಮೇಲೆ ತಂಬೆಟ್‌ರನ್ನು ಕೇಳಿದೆ:
ಆ ಎರಡು ಹನಿ ಈ ಖಾಲಿ ಜಾಗದ್ದೇ ಏನು?
'ಗೊತ್ತಿಲ್ಲ,' ಅಂದರು.
'ಪೂರ್ತಿ ಇದ್ದವರೂ ಚೆಲ್ಲುತ್ತಾರೆ.'

ಎಲ್ಲರದೂ ಆಗುವಂಥದ್ದನ್ನು ಬರೆದುಕೊಟ್ಟೆ.
ಎರಡು ಮಗ್ಗುಲೂ ಸಮ, ಹುಳು ಸರಿಯಾಗಿ ನಡುವಿಗೆ,
ಮಡಿಕೆಗಳು ಎಣ್ಣೆ ಹಚ್ಚಿ ಬಾಚಿದ ಹಾಗೆ.
ನಲವತ್ತರಲ್ಲಿ ಯಾರದೂ ಅಲ್ಲ ಅದು.
ಅಂಥದ್ದನ್ನು ಹೊತ್ತವರು
ಈ ಊರಿನ ಮಂಜುಗಡ್ಡೆಯ ಮೇಲೆ ಒಮ್ಮೆಯೂ ಜಾರಿಲ್ಲ.

ಕೊಡುವ ಮೊದಲು ಹಾಳೆ ಮಗುಚಿ
ಹಿಂಬದಿಗೆ ಇಪ್ಪತ್ತೊಂಬತ್ತನೆಯದನ್ನು ಬರೆದಿದ್ದೆ,
ತೆಳುವಾಗಿ, ಎಡ ಕೆಳಗೆ ಕಾಗದವನ್ನು ಹಾಗೇ ಬಿಟ್ಟು.
ಕಿಟಕಿಯ ಬೆಳಕಿಗೆ ಹಿಡಿದರೆ
ಒಂದರೊಳಗೆ ಇನ್ನೊಂದು ಕಾಣುತ್ತದೆ,
ಆ ಕೊರೆ ಮಾತ್ರ ಬಲಕ್ಕೆ ಬಂದಿರುತ್ತದೆ.
ಅಚ್ಚಿನವರು ನೋಡಿರಲಿಕ್ಕಿಲ್ಲ.