ಲೈನ್ ಕ್ಲಿಯರ್

ಅರಸೀಕೆರೆ ಸರ್ಕಾರಿ ಆಸ್ಪತ್ರೆ, ಎಂಟನೇ ಕೋಣೆ.
ಎದೆಗೆ ವಯರು ಕಚ್ಚಿಸಿ ಕಾಗದಕ್ಕೆ ಗೆರೆ ಇಳಿಸುವುದು ನನ್ನ ಕೆಲಸ.
ಗೆರೆಗೆ ಅರ್ಥ ಹೇಳುವುದು ಡಾಕ್ಟರದು.
ಆ ಅರ್ಥಕ್ಕೆ ಅರ್ಥ ಕೇಳಲು ಜನ
ತಿರುಗಿ ನನ್ನ ಬಾಗಿಲಿಗೇ ಬರುತ್ತಾರೆ,
ಚೀಟಿಯನ್ನು ತಲೆಕೆಳಗಾಗಿ ಹಿಡಿದು.

ಅದಕ್ಕೇ ಒಂದು ಕಿರಾಣಿ ಲೆಕ್ಕದ ಪುಸ್ತಕ ಇಟ್ಟೆ.
ಎಡಕ್ಕೆ ಅವರ ಪದ, ಬಲಕ್ಕೆ ನಮ್ಮದು.

ಅನೀಮಿಯ: ರಕ್ತ ಇದೆ, ಕಸುವಿಲ್ಲ.
ಬೇಳೆ ಹಾಕದ ಸಾರು
ಎಂದು ತಿದ್ದಿದವಳು ಕಣಕಟ್ಟೆಯ ಪುಟ್ಟನಂಜಿ.
ಕ್ರಾನಿಕ್: ಸಾಯುತ್ತೀರಿ ಅಂತಲ್ಲ,
ಇದರ ಜೊತೆ ಸಂಸಾರ ಮಾಡಬೇಕು ಅಂತ.
ನೆಗೆಟಿವ್: ಒಳ್ಳೆಯದು. ಅಳಬೇಡಿ.
ದಿನಕ್ಕೆ ನಾಕು ಸಲ ಹೇಳುವ ಮಾತು ಇದು.
ಪಾಸಿಟಿವ್ ಬಂತೆಂದು ಗಂಡಸಿಯ ಹುಡುಗನೊಬ್ಬ
ವರಾಂಡದ ತುಂಬ ಕೊಬ್ಬರಿ ಮಿಠಾಯಿ ಹಂಚಿಬಿಟ್ಟಿದ್ದ.
ಆ ಸಾಲಿನ ಬಲಕ್ಕೆ ಇನ್ನೂ ಏನೂ ಬರೆದಿಲ್ಲ.

ಹಳಬರಿಗೆ ಈ ಪುಸ್ತಕ ಬೇಕಿರಲಿಲ್ಲ.
ಮಂಗನಬಾವು, ನಾಯಿಕೆಮ್ಮು, ಆನೆಕಾಲು, ಸರ್ಪಸುತ್ತು.
ಇಡೀ ಕಾಡನ್ನೇ ಮೈಯೊಳಗೆ ಮೇಯಲು ಬಿಟ್ಟು
ಒಂದೊಂದನ್ನೂ ಹೆಸರು ಹಿಡಿದು ಗದರಿಸುತ್ತಿದ್ದರು.
ಎದೆಗೆ ಮಾತ್ರ ಯಾವ ಪ್ರಾಣಿಯನ್ನೂ ಕಟ್ಟಲಿಲ್ಲ.
ಡವಡವ ಅಂದರು, ಝಲ್ ಅಂದರು, ಧಸಕ್ ಅಂದರು,
ಸುಮ್ಮನಾದರು.

ಮೊನ್ನೆ ಗುರುವಾರ ದಸ್ತಗೀರ್ ಸಾಬ್ರು ಬಂದರು,
ರಿಟೈರಾದ ಪಾಯಿಂಟ್ಸ್‌ಮನ್ನು.
ಮೆಟ್ಟಿಲ ಮೇಲೆ ಎರಡು ಸಲ ಕಣ್ಣು ಕತ್ತಲೆಯಾಯಿತಂತೆ.
ನಾಡಿ ಮೂವತ್ತಾರು.
ಚೀಟಿಯಲ್ಲಿ: ಕಂಪ್ಲೀಟ್ ಹಾರ್ಟ್ ಬ್ಲಾಕ್.

‘ನರ ಕಟ್ಟಿದೆಯಾ?’ ಬುರ್ಖಾದೊಳಗಿಂದ ಖೈರುನ್ನೀಸಮ್ಮನ ಸಣ್ಣ ದನಿ.
ನನಗೆ ಹುರುಪು ಬಂತು, ರೈಲ್ವೆಯವರಲ್ಲವೇ!
‘ಏನೂ ಕಟ್ಟಿಲ್ಲಮ್ಮ. ಸಿಗ್ನಲ್ ಬಿದ್ದರೂ
ಗಾಡಿ ಹೊರಡದೆ ನಿಂತ ಹಾಗೆ.’

ಮಲಗಿದ್ದವರು ನಕ್ಕರು. ಗೆರೆ ಅಲುಗಾಡಿತು.
‘ತಪ್ಪು ತಾಯಿ. ಸಿಗ್ನಲ್ ಬಿದ್ಮೇಲೆ
ನಿಲ್ಲೋ ಡ್ರೈವರ್ ಯಾವನೂ ಇಲ್ಲ.
ಇದು ತಂತಿ ಕೆಟ್ಟಿರೋದು.
ಬಾಣಾವರದವನು ಗಂಟೆ ಹೊಡೀತಾನೇ ಇರ್ತಾನೆ,
ಅರಸೀಕೆರೇಲಿ ಕೇಳ್ಸಲ್ಲ.
ಹಂಗಂತ ಕೈ ಕಟ್ಕೊಂಡು ಕೂರಕ್ಕಾಗತ್ತಾ?
ಚೀಟಿ ಬರ್ಕೊಟ್ಟು, ನಮ್ಮ ಪಾಡಿಗೆ ನಾವು
ನಿಧಾನಕ್ಕೆ ಒಂದೊಂದೇ ಗಾಡಿ ಬಿಡ್ತಿದ್ವಿ.’

ಕಾಗದ ನೋಡಿದೆ.
ಮೇಲಿನ ಕೋಣೆಯ ಸಣ್ಣ ದಿಬ್ಬಗಳು ಅವುಗಳ ಲೆಕ್ಕಕ್ಕೆ ಓಡುತ್ತಿವೆ,
ಕೆಳಗಿನ ಕೋಣೆಯ ಎತ್ತರದ ಕಡ್ಡಿಗಳು
ಯಾರ ಮಾತೂ ಕಾಯದೆ
ದೂರ ದೂರ, ಒಂದೊಂದೇ.
ಡಿಪ್ಲೊಮಾದಲ್ಲಿ ಎರಡು ವರ್ಷ ಉರು ಹೊಡೆದದ್ದು
ಅವತ್ತು ಅರ್ಥವಾಯಿತು.

‘ಯಾಕೆ ಬಂತು?’ ಮತ್ತೆ ಖೈರುನ್ನೀಸಮ್ಮ.
‘ಬೀಡಿ ಬಿಟ್ಟು ಹನ್ನೊಂದು ವರ್ಷವಾಯಿತಲ್ಲ?’
ಚೀಟಿಯ ಕೊನೆಯ ಪದ: ಇಡಿಯೋಪಥಿಕ್.
ಇದಕ್ಕೆ ಎಲ್ಲರಿಗೂ ಸುಳ್ಳು ಹೇಳುತ್ತಾ ಬಂದಿದ್ದೇನೆ,
ವಯಸ್ಸು ಅಂತ, ಉಪ್ಪು ಅಂತ, ಯೋಚನೆ ಮಾಡಬೇಡಿ ಅಂತ.
ಅವತ್ತು ಬಾಯಿಗೆ ಬರಲಿಲ್ಲ.
‘ಕಾರಣ ಗೊತ್ತಿಲ್ಲ ಅಂತ ಬರೆದಿದ್ದಾರಮ್ಮ. ಅಷ್ಟೇ.’

‘ನಾವೂ ಬರೀತಿದ್ವಿ,’ ಸಾಬ್ರು ಸೂರು ನೋಡುತ್ತಾ ಅಂದರು.
‘ಕಾರಣ ತಿಳಿದುಬಂದಿಲ್ಲ.
ಸೈನ್ ಹಾಕಿ ಲೈನ್ ತೆರೀತಿದ್ವಿ.’

ಹಾಸನಕ್ಕೆ ಬರೆದುಕೊಟ್ಟರು, ಅಲ್ಲಿಂದ ಮೈಸೂರಿಗೆ.
ಹೊರಗೆ ಆಂಬುಲೆನ್ಸು ಹಿಂದಕ್ಕೆ ಸರಿಯುತ್ತಾ ಕೂಗುತ್ತಿತ್ತು.
ರಬ್ಬರು ಬುಡ್ಡೆಗಳನ್ನು ಒಂದೊಂದಾಗಿ ಕಿತ್ತೆ, ಜೆಲ್ಲಿ ಒರೆಸಿದೆ.
ಬಿಳಿಕೂದಲ ನಡುವೆ ಆರು ಕೆಂಪು ಉಂಗುರ.
ಗುಂಡಿ ಹಾಕಿಕೊಳ್ಳುತ್ತಾ ಬಗ್ಗಿ ನೋಡಿಕೊಂಡರು.
‘ಇದಕ್ಕೇನಂತಾರೆ?’

‘ಅದಕ್ಕೆ ಹೆಸರಿಲ್ಲ ಸಾಬ್ರೇ.
ಅರ್ಧ ಗಂಟೇಲಿ ಹೋಗತ್ತೆ.’