ಬ್ಯಾಂಕರ್

ಕುಂದಗೋಳದ ತಾತ ನಮ್ಮವ್ವನನ್ನು ಧಾರೆಯೆರೆದದ್ದು
ಒಂದೇ ಮಾತು ಕೇಳಿ:
"ಹುಡುಗ ಗೋವಾದಾಗ ಬ್ಯಾಂಕರ್ ಮ್ಯಾಲ ಅದಾನ."
ಹೇಳಿದವರು ಸುಳ್ಳಾಡಿರಲಿಲ್ಲ.

ಮೂರು ತಿಂಗಳಿಗೆ ಟ್ರಂಕು ಹಿಡಿದು ಕುಲೆಂನಲ್ಲಿ ಇಳಿದಳು ದುಂಡವ್ವ.
ಡ್ಯೂಟಿಯಿಂದ ನೇರ ಬಂದಿದ್ದ ಅಪ್ಪ,
ಹುಬ್ಬಿನಲ್ಲಿ ಕಲ್ಲಿದ್ದಲ ಪುಡಿ, ಕೊರಳಲ್ಲಿ ಒದ್ದೆ ಚೌಕ,
ನಕ್ಕಾಗ ಮಾತ್ರ ಗುರುತು ಸಿಕ್ಕಿತಂತೆ.
"ಬ್ಯಾಂಕ್ ಎಲ್ಲೈತಿ?" ಅಂದಳು.
ಅಪ್ಪ ಗಾಡಿಯ ಬಾಲದ ಕಡೆ ಕೈ ತೋರಿದ.

ಘಟ್ಟ ಹತ್ತುವ ಗಾಡಿಗೆ ಎರಡು ಎಂಜಿನ್ನು.
ಮುಂದಿನದು ಎಳೆಯುತ್ತದೆ. ಹಿಂದಿನದು,
ಗಾರ್ಡಿನ ಡಬ್ಬಿಗೆ ಹಣೆ ಹಚ್ಚಿ, ನೂಕುತ್ತದೆ.
ಅದಕ್ಕೆ ಬ್ಯಾಂಕರ್ ಎಂದು ಯಾಕೆ ಅಂದರೋ
ಡ್ರೈವರ್ ಕಾಯ್ತಾನನಿಗೂ ತಿಳಿಯದು.
"ಸಾಲ ಕೊಡ್ತದೆ, ವಾಪಸ್ ಕೇಳೋದಿಲ್ಲ, ಅದಕ್ಕೇ ಇರಬೇಕು"
ಎನ್ನುತ್ತಿದ್ದ, ಕೊಂಕಣಿ ಬೆರೆತ ತನ್ನ ಕನ್ನಡದಲ್ಲಿ.

ಥರ್ಡ್ ಕ್ಲಾಸಿನ ಮರದ ಹಲಗೆಯ ಮೇಲೆ
ತಿಗಣೆಗೂ ಟಿಕೇಟಿಲ್ಲದವನಿಗೂ ಜಾಗ ಕೊಟ್ಟು ಕೂತವರು
ದೂಧಸಾಗರ ಬಂತೆಂದರೆ ಕಿಟಕಿಗೆ ಮುಗಿಬೀಳುವರು.
ನೀರಿನ ಹನಿಗೆ ಮುಖವೊಡ್ಡಿ ಕಿರುಚುವರು.
ತಮ್ಮ ಬೆನ್ನ ಹಿಂದೆ ಒಬ್ಬ
ಬೆಂಕಿಯ ಬಾಯಿಗೆ ಸಲಿಕೆ ಸಲಿಕೆ ತುತ್ತಿಡುತ್ತಿದ್ದಾನೆಂದು
ಯಾರೂ ತಿರುಗಿ ನೋಡಿದ್ದಿಲ್ಲ.
ನೋಡಿದರೂ ಸುರಂಗದೊಳಗೆ ಏನು ಕಂಡೀತು,
ಒಂದು ಕೆಮ್ಮು, ಅಷ್ಟೆ.

ಕಾಯ್ತಾನನ ಮಾವನದೂ ಇದೇ ಕೆಲಸ, ಪೋರ್ತುಗೀಸರ ಕಾಲಕ್ಕೆ.
ಗಡಿ ಮುಚ್ಚಿದ ಆ ಆರೇಳು ವರುಷ
ಘಟ್ಟದ ಹಳಿಯ ಮೇಲೆ ಮೊಣಕಾಲುದ್ದ ಹುಲ್ಲು.
ಹತ್ತುವ ಗಾಡಿಯೇ ಇಲ್ಲ, ನೂಕುವುದೇನನ್ನು?
ಆದರೂ ವಾರಕ್ಕೊಮ್ಮೆ ಬೆಂಕಿ ಹಾಕಿ
ಹತ್ತು ಮಾರು ಮುಂದೆ, ಹತ್ತು ಮಾರು ಹಿಂದೆ
ಓಡಾಡಿಸಿ ತರುತ್ತಿದ್ದನಂತೆ,
ಹಾಸಿಗೆ ಹಿಡಿದವರನ್ನು ಅಂಗಳಕ್ಕೆ ನಡೆಸಿ ತರುವ ಹಾಗೆ.

ಮಳೆಗಾಲದಲ್ಲಿ ಗಾಲಿ ಜಾರುತ್ತದೆ. ಹಳಿಗೆ ಮರಳು ಉದುರಿಸಬೇಕು.
ಹೊಳೆಯ ಮರಳು, ಅದೂ ಒಣಗಿದ್ದು, ಹಿಟ್ಟಿನ ಹಾಗೆ ಸುರಿಯುವಂಥದ್ದು.
ಶೆಡ್ಡಿನ ಮೂಲೆಯಲ್ಲಿ ಅದನ್ನು ಹುರಿಯಲೊಂದು ಒಲೆ.
ನಾವು ಕ್ವಾರ್ಟರ್ಸಿನ ಮಕ್ಕಳು
ಹಲಸಿನ ಬೀಜ ಅದರೊಳಗೆ ಹೂತಿಟ್ಟು
ಚಟ್ ಎನ್ನುವುದನ್ನೇ ಕಾಯುತ್ತಿದ್ದೆವು.
ಕೆಲವು ಬೀಜ ಮರೆತುಹೋಗಿ
ಎಂಜಿನ್ನಿನ ಮರಳುಪೆಟ್ಟಿಗೆ ಸೇರಿ, ಕೊಳವೆಗೆ ಸಿಕ್ಕಿ,
ಕಾಯ್ತಾನ ನಮ್ಮ ಓಣಿಗೇ ಬಂದು ಬೈದದ್ದುಂಟು.

ಮೇಲೆ ಕ್ಯಾಸಲ್‌ರಾಕಿನಲ್ಲಿ ಕೊಂಡಿ ಕಳಚುತ್ತಾರೆ.
ಗಾಡಿ ಹುಬ್ಬಳ್ಳಿಗೆ ಹೋಗುತ್ತದೆ, ಬ್ಯಾಂಕರ್ ಒಂಟಿಯಾಗಿ ಕೆಳಗೆ.
ಇಳಿಯುವುದಕ್ಕೆ ಬಲ ಬೇಡ, ಅಪ್ಪಣೆ ಬೇಕು:
ಕ್ಯಾಚ್ ಸೈಡಿಂಗಿನ ಮುಂದೆ ಪೂರಾ ನಿಂತು
ಸೀಟಿ ಹೊಡೆದು ಕೇಳಬೇಕು,
ಕೇಳದೆ ಬಂದವನನ್ನು ಹಳಿಯೇ ತಿರುಗಿಸಿ
ಗುಡ್ಡದ ಏರಿಗೆ ಹತ್ತಿಸಿಬಿಡುತ್ತದೆ.

ಹೊಗೆ ಎಂಜಿನ್ನು ಮುಗಿದ ದಿನ
ಮುಂದಿನದಕ್ಕೆ ಬಾಳೆಕಂಬ, ಚೆಂಡುಹೂವು, ಫೋಟೋ,
ಸಾಹೇಬರ ಕೈಯಿಂದ ತೆಂಗಿನಕಾಯಿ.
ಹಿಂದಿನದಕ್ಕೆ ಒಡೆದ ಕಾಯಿಯ ನೀರು ಕೂಡ ಮುಟ್ಟಲಿಲ್ಲ.
ಸಂಜೆ ಇಬ್ಬರೇ ಇಳಿದು ಬಂದರು, ಮಾತಿಲ್ಲ.
ಸೈಡಿಂಗಿನಲ್ಲಿ ನಿಂತು ಸೀಟಿ ಹೊಡೆದರೆ
ಪಾಯಿಂಟ್ಸಿನವ ಆ ದಿನ
ಬಹಳ ಹೊತ್ತು ಬಿಡಲೇ ಇಲ್ಲವಂತೆ.

ರಾತ್ರಿ ಅಪ್ಪ ಪೆಟ್ಟಿಗೆಯಲ್ಲಿ ಉಳಿದ ಮರಳನ್ನು
ಡಾಲ್ಡಾ ಡಬ್ಬಿಗೆ ತುಂಬಿ ತಂದ.
ಅವ್ವ ಮುಚ್ಚಳ ತೆಗೆದು, ಬೆರಳಾಡಿಸಿ,
"ಇಷ್ಟನ ಏನ್ ನಿಮ್ಮ ಬ್ಯಾಂಕಿನ ಗಂಟು?" ಅಂದಳು.

ಈಗ ಹಳಿ ಅಗಲವಾಗಿದೆ. ಡೀಸೆಲ್ ನೂಕುತ್ತದೆ.
ಮಡಗಾಂವದ ಬಾಡಿಗೆ ಕೋಣೆಯಲ್ಲಿ ಅವ್ವ
ಆ ಮರಳಿನಲ್ಲೇ ಶೇಂಗಾ ಹುರಿಯುತ್ತಾಳೆ.
ಜರಡಿ ಹಿಡಿದು, ಒಂದು ಕಾಳು ಮರಳೂ ಹೊರಗೆ ಬೀಳದಂತೆ
ಮತ್ತೆ ಡಬ್ಬಿಗೆ.