ಬೇಚಿರಾಕ

ದಫ್ತರದಾಗ ಆ ಊರಿನ ಮುಂದ
ಒಂದೇ ಒಂದು ಶಬ್ದ: ಬೇಚಿರಾಕ.
ಕಲಘಟಗಿ ಕಚೇರಿಯ ಗುಮಾಸ್ತ ಇರಸಂಗಪ್ಪ
ಬೆರಳಿಗೆ ಉಗುಳು ಹಚ್ಚಿ ಹಾಳಿ ತಿರುವಿದ.
‘ಹೋಗಿ ಬಂದಂಗ ಮಾಡ್ರಿ ಮಾಸ್ತರ,
ಅಲ್ಲಿ ಯಾರೂ ಇಲ್ಲ.
ಯಾರೂ ಇಲ್ಲ ಅಂತ ಬರಿಲಿಕ್ಕೂ
ಒಂದು ಸಹಿ ಬೇಕು ನೋಡ್ರಿ, ಅಷ್ಟ.’

ಯಾರೂ ಇಲ್ಲದಲ್ಲಿಗೆ ಹೋಗೋ ದಾರಿ
ಇಷ್ಟು ಸವೆದದ್ದು ಹೆಂಗ?
ಸಾಗವಾನಿ ಮುಗಿದು ಮತ್ತಿ, ಮತ್ತಿ ಮುಗಿದು ಬಿದಿರು,
ಬಿದಿರಿನಾಗ ಮೊಬೈಲಿನ ಕೊನೀ ಗೆರಿ ಕಳಚಿ ಬಿತ್ತು.
ಮೂರು ಸಲ ಹಳ್ಳ ಅಡ್ಡ ಬಂತು,
ಮೂರೂ ಅದೇ ಹಳ್ಳ ಇರಬೇಕು.
ಕಾಲದಾರಿ ನಡುವ ಬಿಸಿ ಬಿಸಿ ಸಗಣಿ,
ಯಾರೋ ಈಗಷ್ಟ ಹಾಕಿಹೋದ ರುಜು.

ಜೇನಕುಮರಿ.
ಹನ್ನೊಂದು ಜೋಪಡಿ, ಕಡ್ಡಿ ಹೆಣೆದು ಸಗಣಿ ಬಳಿದದ್ದು.
ಮನಿ ಅಂದ್ರ ಎಮ್ಮಿಗಳದು,
ಮೂಲ್ಯಾಗ ಒಂದೀಟು ಜಾಗಾ ಮನುಷ್ಯಾರಿಗೆ.
ಬಾಗಲಿಲ್ಲ.
ನನ್ನ ಫಾರ್ಮಿನಾಗ ‘ಬಾಗಿಲು ಹಾಕಿದೆ’ ಅನ್ನಲಿಕ್ಕೆ ಖಾನೆ ಅದ,
ಬಾಗಲ ಇಲ್ಲ ಅನ್ನಲಿಕ್ಕೆ ಇಲ್ಲ.

ಠಕೂಬಾಯಿ ಯಡಗೆ. ವಯಸ್ಸು?
‘ಕೋಡು ಮುರಕ ಎಮ್ಮಿ ಅವಳಿ ಈದ ಮಳಿಗಾಲದಾಗ ಹುಟ್ಟೀನಿ.’
ಹುಟ್ಟಿದ ಊರು?
‘ನೀರಾಗ ಐತಿ.’
ಯಾವ ನೀರು ಅಂತ ಕೇಳಲಿಲ್ಲ.
ಒದ್ದಿ ಆದೀತು ಅನ್ನೋ ಹಂಗ
ಪೆನ್ನು ಹಾಳಿಯಿಂದ ಮ್ಯಾಲೆತ್ತಿ ಹಿಡಿದೆ.

ಆಕಿ ಕೇಳಿದಳು: ‘ನಿನ್ನ ಮನ್ಯಾಗ ಎಷ್ಟು ಮಂದಿ?’
ಒಬ್ಬನ.
‘ಎಮ್ಮಿ?’
ಇಲ್ಲ.
‘ಅಯ್ಯ ಮಾಸ್ತರ’ ಅಂದು
ಎದ್ದು ಹೋಗಿ ತಂಬಿಗಿ ತುಂಬ ಮಜ್ಜಿಗಿ ತಂದಳು,
ಸತ್ತವರ ಮನೀಗೆ ಕೊಟ್ಟಂಗ ಕೊಟ್ಟಳು,
ಮಾತಾಡದನ.

ಮೊಮ್ಮಗ ಧುಳು ನನ್ನ ಹಾಳಿಯೊಳಗ ಇಣುಕಿ
ಒಂದೊಂದ ಅಕ್ಷರ ಕೂಡಿಸಿದ:
ಬೇ. ಚಿ. ರಾ. ಕ. ಹಂಗಂದ್ರ ಏನ್ರಿ?
‘ದೀಪ ಇಲ್ಲದ ಊರು’ ಅಂದೆ.
ಅನ್ನೂದರೊಳಗ ನನಗ ನಾಚಿಕಿ ಆತು.
ಠಕೂಬಾಯಿಗೆ ಆಗಲಿಲ್ಲ.
‘ಖರೇನ ಬರದಾರ.
ದೀಪ ಹಚ್ಚಿದ್ರ ಗುಡ್ಡದ ಮ್ಯಾಲಿನ ಗಾರ್ಡಗ ಕಾಣತೈತಿ.
ಕಂಡ್ರ ತುಪ್ಪ ಕೇಳತಾನ,
ತುಪ್ಪ ಇಲ್ಲಂದ್ರ ಕಾಯ್ದೆ ಹೇಳತಾನ.
ಕತ್ತಲದಾಗ ಹಾಲು ಹಿಂಡಾಕ ನಮಗ ಬರತೈತಿ.
ಎಮ್ಮಿ ಸೈತ ಕರೀವು,
ಕೈಯಾಗ ಸಿಗೂತನಾ ಕಾಣೂದಿಲ್ಲ.’

ಆಗ ನನಗ ಅನುಮಾನ ಹೊಕ್ಕಿತು.
ಬರದ್ರ ರೇಶನ್ ಬರತದ,
ಬರದ್ರ ನೋಟೀಸೂ ಬರತದ,
ಎರಡಕ್ಕೂ ಅದೇ ಶಾಯಿ.
ಹೇಳಿದೆ. ಆಕಿ ಭಾಳ ಹೊತ್ತು
ಎಮ್ಮಿ ಕಿವಿಯೊಳಗಿನ ಉಣ್ಣಿ ತಗೀತ ಕುಂತಳು.
‘ನೀ ನಡದು ಬಂದಿ. ನಿನ್ನ ಕಾಲು ವ್ಯರ್ಥ ಆಗಬಾರದು,
ಬರಕೊ’ ಅಂದಳು.
ಇಷ್ಟು ಸಣ್ಣ ಕಾರಣಕ್ಕ ಹನ್ನೊಂದು ಮನಿ
ಲೆಕ್ಕಕ್ಕ ಬಂದವು.

ಕೆಮ್ಮಣ್ಣು ಕಲಿಸಿ ಗ್ವಾಡಿಗೆ ನಂಬರ ಬರದೆ.
ಒಂದು, ಎರಡು… ಏಳು ಇನ್ನೂ ಹಸಿ ಇತ್ತು,
ಚಂದರಿ ಅನ್ನೋ ಎಮ್ಮಿ ಬಂತು,
ಮೈ ತುರಿಸಿಕೊಂಡಿತು ಗ್ವಾಡಿಗೆ ನಿಧಾನಕ, ಸುಖದಿಂದ,
ಕಣ್ಣು ಅರೆ ಮುಚ್ಚಿ.
ಗ್ವಾಡಿ ಮ್ಯಾಲ ಬರೇ ಕಲಿ ಉಳೀತು.
ಏಳು, ತಿರುವುಮುರುವು, ಚಂದರಿಯ ಪಕ್ಕಡಿ ಮ್ಯಾಲ
ಬಿದಿರಿನೊಳಗ ಹೋತು.
ಧುಳು ನಕ್ಕ, ನಾ ನಕ್ಕೆ.
ಮತ್ತ ಬರೀಲಿಲ್ಲ.

ಧಾರವಾಡಕ್ಕ ಬಂದ ಮ್ಯಾಲ,
ಫ್ಯಾನು ಕಿರ್ರಂತ ತಿರುಗೋ ಖೋಲ್ಯಾಗ,
ಮೇಲ್ವಿಚಾರಕಿ ಹಾಳಿ ಎಣಿಸಿ ಚಷ್ಮಾ ಇಳಿಸಿದರು:
‘ಆರು ಅದ, ಎಂಟು ಅದ. ಮನಿ ನಂಬರ ಏಳು ಎಲ್ಲಿ?’

‘ಮೇಯಲಿಕ್ಕೆ ಹೋಗೇದ್ರಿ’ ಅಂದೆ.
ಅವರು ನಗಲಿಲ್ಲ.
ಹೊರಗ ಸಂಜಿ ಆಗಿತ್ತು,
ಊರ ತುಂಬ ದೀಪ ಹತ್ತಿದ್ದವು,
ಎಲ್ಲಾನೂ ಕಾಣತಿತ್ತು.